ಗಂಟು ಹಾಕದ ಉರುಳಿನ ಕುರಿತು

ಹೊಸದಾಗಿ ಅರಣ್ಯ ರಕ್ಷಕರಾಗಿ ನೇಮಕಗೊಂಡಿರುವ ಕಿರಿಯ ಮಿತ್ರರಿಗೆ, ನಿವೃತ್ತನಾದ ನಾನು ವಿನಯಪೂರ್ವಕವಾಗಿ ತಿಳಿಯಪಡಿಸುವುದೇನೆಂದರೆ, ವರದಿ, ಪಂಚನಾಮೆ ಮತ್ತು ರಜೆ ಅರ್ಜಿಗಳ ಹೊರತು ಬೇರೇನನ್ನೂ ಬರೆದ ಅಭ್ಯಾಸ ನನಗೆ ಇರುವುದಿಲ್ಲ. ನಿಮ್ಮ ತರಬೇತಿಯನ್ನು ನೋಡಿಕೊಳ್ಳುವ ಅಧಿಕಾರಿಗಳು, ಚಿರತೆ ತೋಳಗಳಂತಹ ಪ್ರಾಣಿಗಳನ್ನು ಹಿಡಿಯುವ ಸಾಧನ ಮತ್ತು ಕ್ರಮಗಳ ಬಗ್ಗೆ ನನ್ನ ಅನುಭವ ಬರೆದುಕೊಡಬೇಕೆಂದು ಕೇಳಿದ್ದಾರೆ. ಮೂರು ಸಲ ಬರೆದು ಹರಿದಿದ್ದೇನೆ. ಇದು ನಾಲ್ಕನೆಯದು. ಲೋಪದೋಷಗಳಿದ್ದಲ್ಲಿ ಮನ್ನಿಸಬೇಕು.

ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಸೇವಾ ಪುಸ್ತಕದಲ್ಲಿದೆ. ಅದನ್ನು ಇಲ್ಲಿ ನಕಲು ಮಾಡುವ ಅಗತ್ಯವಿಲ್ಲ. ಸೇವಾ ಪುಸ್ತಕದಲ್ಲಿ ಇಲ್ಲದ ಸಂಗತಿ ಒಂದಿದೆ. ಸವಣೂರು ತಾಲ್ಲೂಕಿನಲ್ಲಿದ್ದಾಗ ಒಂದು ತೋಳದ ಸಾವಿನ ಬಗ್ಗೆ ನಾನು ಸುಳ್ಳು ವರದಿ ಬರೆದೆ. ಅದರಿಂದ ಹುಲಗೂರಿನ ಫಕ್ಕೀರಪ್ಪನವರೆಂಬ, ಹಗ್ಗ ಹೊಸೆದು ಬದುಕುವ ಒಬ್ಬ ಮನುಷ್ಯರ ಹೆಸರು ಕೆಟ್ಟಿತು. ಈ ಬರಹ ಮುಖ್ಯವಾಗಿ ಅದರ ಬಗ್ಗೆ. ಆದರೆ ಅಲ್ಲಿಗೆ ಬರುವ ಮುನ್ನ ಬೋನಿನ ಬಗ್ಗೆ ಸ್ವಲ್ಪ ಹೇಳಲೇಬೇಕಾಗಿದೆ. ಬೋನಿನ ಕೆಲಸದಲ್ಲಿ ನನಗೆ ಹತ್ತಿದ ಜಂಬವೇ ಮುಂದಿನದಕ್ಕೆಲ್ಲ ಕಾರಣವಾಯಿತು.

ನನ್ನ ಮೊದಲ ಬೀಟ್ ಹಾನಗಲ್ ತಾಲ್ಲೂಕಿನ ಪಡುವಣ ಕಾಡಂಚಿನಲ್ಲಿತ್ತು. ಅಲ್ಲಿ ಒಂದು ಚಿರತೆ ಊರ ನಾಯಿಗಳನ್ನು ಒಂದೊಂದಾಗಿ ಒಯ್ಯುತ್ತಿತ್ತು. ಟ್ರ್ಯಾಕ್ಟರ್ ಮೇಲೆ ಬೋನು ಬಂದಿತು, ಜೊತೆಗೆ ಮೇಲಧಿಕಾರಿಗಳು ತಪಾಸಣೆಗೆ ಬರುವರೆಂಬ ಸುದ್ದಿಯೂ ಬಂದಿತು. ತುಕ್ಕು ಹಿಡಿದ ಬೋನನ್ನು ಅವರ ಕಣ್ಣಿಗೆ ತೋರಿಸುವುದು ಹೇಗೆಂದು ಹೆದರಿ, ನಾನು ಅದಕ್ಕೆ ಎರಡು ಕೈ ಹಸಿರು ಬಣ್ಣ ಬಳಿದು, ಬಾಗಿಲ ಮೇಲೆ ಬಿಳಿ ಅಕ್ಷರದಲ್ಲಿ ಕ್ರಮಸಂಖ್ಯೆ ಬರೆಸಿದೆ. ತಪಾಸಣೆಗೆ ಬಂದವರು ಮೆಚ್ಚಿದರು. ಚಿರತೆ ಮೆಚ್ಚಲಿಲ್ಲ. ದಿನವೂ ಬಂದು ಬೋನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೋಗುತ್ತಿತ್ತು. ಹೆಜ್ಜೆಗಳು ಉಂಗುರದಂತೆ ಸ್ಪಷ್ಟವಾಗಿ ಮೂಡಿರುತ್ತಿದ್ದವು. ಒಳಗೆ ಕಂಬಿ ಹಾಕಿ ಬೇರೆ ಮಾಡಿದ ಭಾಗದಲ್ಲಿ ಕಟ್ಟಿದ್ದ ಆಡು ಮೇವು ತಿಂದು ದುಂಡಗಾಯಿತು. ಅದಕ್ಕೆ ಸೊಪ್ಪು ತಂದು ಹಾಕುತ್ತಿದ್ದ ಮಲ್ಲವ್ವ ಎಂಬ ಮುದುಕಿ ಒಂದು ದಿನ ನನ್ನನ್ನು ನಿಲ್ಲಿಸಿ ಕೇಳಿದಳು:

"ಸಾಹೇಬ್ರ, ನೀವು ಚಿರತಿ ಹಿಡಿಯಾಕತ್ತೀರೋ, ಆಡಿಗೆ ಮನಿ ಕಟ್ಟಿಸಿ ಕೊಟ್ಟೀರೋ?"

ಉಪಾಯವನ್ನೂ ಅವಳೇ ಹೇಳಿದಳು. ಬೋನನ್ನು ಎಂಟು ದಿನ ಅವಳ ದನದ ಕೊಟ್ಟಿಗೆಯಲ್ಲಿ ಇಟ್ಟೆವು. ಸಗಣಿ, ಗಂಜಲ ಬಳಿದೆವು. ಬಣ್ಣದ ವಾಸನೆ ಸತ್ತು ದನದ ವಾಸನೆ ಬಂದ ಮೇಲೆ ಪುನಃ ಅದೇ ಜಾಗದಲ್ಲಿ ಇರಿಸಿ, ಇಕ್ಕೆಲಕ್ಕೂ ಮುಳ್ಳುಕಂಟಿ ಒತ್ತಿ, ತುಳಿದರೆ ಬಾಗಿಲು ಬೀಳಿಸುವ ಒಳಗಿನ ತುಳಿಹಲಗೆ ಕಾಣದಂತೆ ಮೇಲೆ ಅಲ್ಲಿಯದೇ ಮಣ್ಣನ್ನು ಹರವಿದೆವು. ಮೂರನೆಯ ದಿನ ಬೆಳಿಗ್ಗೆ ಬಾಗಿಲು ಬಿದ್ದಿತ್ತು. ಆಡು ತನ್ನ ಕಂಬಿಗಳ ಆಚೆ ಸುರಕ್ಷಿತವಾಗಿ ನಿಂತು ಮೆಲುಕು ಹಾಕುತ್ತಿತ್ತು. ವರದಿಯಲ್ಲಿ ಮಲ್ಲವ್ವನ ಹೆಸರನ್ನು ನಾನು ಬರೆಯಲಿಲ್ಲ. "ಸೂಕ್ತ ಕ್ರಮ ಕೈಗೊಂಡ ಹಿನ್ನೆಲೆಯಲ್ಲಿ" ಎಂದು ಬರೆದೆ. ಇನ್ನೊಬ್ಬರ ಕೈಕೆಲಸವನ್ನು ಕರ್ತೃವಿಲ್ಲದ ವಾಕ್ಯದಲ್ಲಿ ಅಡಗಿಸುವುದನ್ನು ನಾನು ಅಲ್ಲಿಂದಲೇ ಕಲಿತೆನೆಂದು ಈಗ ಅನಿಸುತ್ತದೆ.

ಹಿರೇಕೆರೂರಿಗೆ ವರ್ಗವಾದ ಮೇಲೆ ಬೋನಿನ ಕೆಲಸಕ್ಕೆ ಎಲ್ಲರೂ ನನ್ನನ್ನೇ ಕರೆಯತೊಡಗಿದರು. ಅಲ್ಲಿಯ ಒಬ್ಬ ಅಧಿಕಾರಿಗಳು ಎಲ್ಲವನ್ನೂ ಸ್ವತಃ ಪರೀಕ್ಷಿಸುವ ಸ್ವಭಾವದವರು. ತುಳಿಹಲಗೆ ಬಿಗಿಯಾಗಿದೆ, ಚಿರತೆಯ ಭಾರಕ್ಕೆ ಇಳಿಯುವುದಿಲ್ಲ ಎಂದು ವಾದಿಸಿ, ಬಗ್ಗಿ ಒಳಗೆ ಹೊಕ್ಕು ತುಳಿದು ತೋರಿಸಿದರು. ಬಾಗಿಲು ಬಿದ್ದಿತು. ಅದನ್ನು ಎತ್ತುವ ಸಲಾಕೆ ಜೀಪಿನಲ್ಲಿತ್ತು, ಜೀಪು ಡೀಸೆಲ್ ಹಾಕಿಸಲು ಹೋಗಿತ್ತು. ಜೋಳದ ಹೊಲದಿಂದ ಬಂದ ಹೆಂಗಸರು ಸಾಲಾಗಿ ಕುಳಿತು ನೋಡಿದರು. ಅವರಲ್ಲಿ ಒಬ್ಬಾಕೆ, ಇವರಿಗೂ ಸೊಪ್ಪು ಹಾಕಬೇಕೇನು ಎಂದು ನನ್ನನ್ನು ಕೇಳಿದಳು. ಜೀಪು ಬರುವವರೆಗೆ ಸಾಹೇಬರು ಆಡಿನ ಪಕ್ಕದಲ್ಲಿ ಕುಳಿತು, ನನಗೆ ಟಿಪ್ಪಣಿ ಬರೆಸಿದರು: "ಬೋನಿನ ಕಾರ್ಯಕ್ಷಮತೆ ತೃಪ್ತಿಕರವಾಗಿರುತ್ತದೆ."

ಆ ದಿನಗಳಲ್ಲಿ ಹೆಜ್ಜೆಗುರುತಿನ ಮೇಲೆ ಗಾಜು ಇಟ್ಟು ಗೆರೆ ಎಳೆದುಕೊಳ್ಳುತ್ತಿದ್ದೆವು, ಅಥವಾ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಿದ್ದೆವು. ಈಗ ಮರಕ್ಕೆ ಕಟ್ಟಿದ ಕ್ಯಾಮೆರಾ ನಿಮ್ಮ ಮೊಬೈಲಿಗೇ ಚಿತ್ರ ಕಳಿಸುತ್ತದೆ, ಆಕಾಶದಿಂದ ಡ್ರೋನ್ ಹುಡುಕುತ್ತದೆ. ಇವು ಒಳ್ಳೆಯ ಸಾಧನಗಳೇ. ಗಾಜಿನ ಕಾಲದಲ್ಲಿ ನಾನು ಒಂದೇ ಚಿರತೆಯನ್ನು ಎರಡೆಂದು ಎಣಿಸಿದ್ದೂ ಉಂಟು. ಆದರೆ ಗಾಜು ಇಡಲು ಮಣ್ಣಿಗೆ ಮೊಣಕಾಲು ಊರಬೇಕಾಗಿತ್ತು. ಆಗ ಹೆಜ್ಜೆಯ ಜೊತೆಗೆ ಇನ್ನೂ ನಾಲ್ಕು ವಿಷಯ ಕಣ್ಣಿಗೆ ಬೀಳುತ್ತಿದ್ದವು. ಅದೊಂದನ್ನು ಮಾತ್ರ ಬಿಡಬೇಡಿರೆಂದು ಕೋರುತ್ತೇನೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ.

ಸವಣೂರು ತಾಲ್ಲೂಕಿಗೆ ಬಂದಾಗ ನಾನು ಬೋನಿನಲ್ಲಿ ಪಳಗಿದವನೆಂದು ಹೆಸರಾಗಿದ್ದೆ. ಯಲವಿಗಿ ಸ್ಟೇಷನ್ನಿನಿಂದ ಮೂಡಣಕ್ಕೆ ಹುಲ್ಲುಗಾವಲು ಮತ್ತು ಒಂದು ಹಳ್ಳ ಇದೆ. ಅಲ್ಲಿ ಒಂಟಿ ತೋಳವೊಂದು ಕುರಿಹಟ್ಟಿಗಳಿಂದ ಮರಿಗಳನ್ನು ಒಯ್ಯುತ್ತಿತ್ತು. ಕುರಿಗಾರರು ಕಚೇರಿಯ ಎದುರು ಬಂದು ಕುಳಿತರು. ಜೀವಂತ ಹಿಡಿದು ಬೇರೆಡೆ ಬಿಡಲು ಮೇಲಿನಿಂದ ಅನುಮತಿ ಬಂದಿತು. ವಲಯದ ಸಾಹೇಬರು ನನ್ನನ್ನು ಕರೆದು, ಪ್ರತಿ ಸಭೆಯಲ್ಲಿ ಈ ತೋಳದ ಪ್ರಗತಿ ತಿಳಿಸಬೇಕೆಂದರು. ಇವರು ಕೆಟ್ಟವರಾಗಿದ್ದರೆ ನನಗೆ ಬರೆಯಲು ಸುಲಭವಾಗುತ್ತಿತ್ತು. ಇವರು ನೇರ ಮನುಷ್ಯರು, ಯಾರ ಚಹಾವನ್ನೂ ಕುಡಿಯದವರು.

ಒಂದು ತಿಂಗಳು ಬೋನು ಇಟ್ಟೆ. ಸಗಣಿ ಬಳಿದೆ, ಕಂಟಿ ಒತ್ತಿದೆ, ನನಗೆ ತಿಳಿದಿದ್ದನ್ನೆಲ್ಲ ಮಾಡಿದೆ. ತೋಳ ಬೋನಿನ ಕಡೆಗೆ ತಿರುಗಿಯೂ ನೋಡಲಿಲ್ಲ. ಆಗ ಒಬ್ಬ ಕುರಿಗಾರ, ಹುಲಗೂರಿನ ಫಕ್ಕೀರಪ್ಪನನ್ನು ಕೇಳಿರಿ ಎಂದ. ಫಕ್ಕೀರಪ್ಪನವರು ದರ್ಗಾದ ಹಿಂದಿನ ಓಣಿಯಲ್ಲಿ ಎತ್ತಿಗೆ ಮೂಗುದಾರ, ಕಣ್ಣಿ ಹೊಸೆದುಕೊಡುತ್ತಿದ್ದರು. ವಯಸ್ಸಿನಲ್ಲಿದ್ದಾಗ ಉರುಳು ಒಡ್ಡಿ ಮೊಲ, ಹಂದಿ ಹಿಡಿದವರು. ನಾನು ಸೇವೆಗೆ ಸೇರುವ ಮೊದಲೇ ನಮ್ಮವರ ಕೈಗೆ ಒಮ್ಮೆ ಸಿಕ್ಕಿ ದಂಡ ತೆತ್ತು, ಅದನ್ನು ಬಿಟ್ಟಿದ್ದರು. ಅವರ ಹೆಸರು ಕಚೇರಿಯ ಹಳೆಯ ದಫ್ತರದಲ್ಲಿತ್ತು. ಆಗ ಅವರನ್ನು ನಾನು ಏಕವಚನದಲ್ಲಿ ಮಾತನಾಡಿಸುತ್ತಿದ್ದೆ. ಈಗ ಬಹುವಚನದಲ್ಲಿ ಬರೆಯುತ್ತಿದ್ದೇನೆ.

ಬೋನಿಗೆ ಅನುಮತಿ ಇತ್ತು. ಉರುಳಿಗೆ ಇರಲಿಲ್ಲ, ಸಿಗುವಂತೆಯೂ ಇರಲಿಲ್ಲ. ಆದ್ದರಿಂದ ಅವರನ್ನು ಕರೆತಂದ ವಿಷಯವನ್ನು ಸಾಹೇಬರಿಗೆ ತಿಳಿಸಲಿಲ್ಲ. ನಾವಿಬ್ಬರೇ ಹುಲ್ಲುಗಾವಲಿಗೆ ಹೋದೆವು. ಅವರು ನನ್ನ ಬೋನನ್ನು ಒಂದು ಸುತ್ತು ಹಾಕಿ ನೋಡಿದರು.

"ತ್ವಾಳಕ್ಕ ಮ್ಯಾಲ ಆಕಾಶ ಕಾಣಬೇಕ್ರಿ," ಎಂದರು. "ನಿಮ್ಮ ಬೋನಿನ್ಯಾಗ ಆಕಾಶ ಎಲ್ಲೈತಿ?"

ಎರಡು ಬೆಳಗು ಅವರು ಏನನ್ನೂ ಮಾಡದೆ ಹಳ್ಳದ ದಂಡೆಯಲ್ಲಿ ಅಡ್ಡಾಡಿದರು. ಮೂರನೆಯ ದಿನ, ಒಡ್ಡು ಒಡೆದು ಸಂದಾಗಿದ್ದ ಒಂದು ಜಾಗ ತೋರಿಸಿ, ಅದು ತೋಳದ ಬಾಗಿಲು ಎಂದರು. ಅಲ್ಲಿ ಅವರು ಕೆಲಸ ಮಾಡಿದ ರೀತಿಯನ್ನು ಬರೆದಿಡುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ನೀವು ಉರುಳು ಒಡ್ಡಬೇಕೆಂದಲ್ಲ. ಒಬ್ಬ ಕಸುಬುದಾರ ಪ್ರಾಣಿಯ ಕಾಲನ್ನು ಎಷ್ಟು ಯೋಚಿಸುತ್ತಿದ್ದನೆಂದು ತಿಳಿಯಬೇಕೆಂದು.

ಕಂಬಳಿ ಹಾಸಿ ಅದರ ಮೇಲೆಯೇ ಮೊಣಕಾಲೂರಿದರು, ನೆಲಕ್ಕೆ ತಮ್ಮ ವಾಸನೆ ತಾಗಬಾರದೆಂದು. ಕೈಗೆ ಕುರಿಯ ಹಿಕ್ಕೆ ತಿಕ್ಕಿಕೊಂಡರು. ಅಂಗೈ ಆಳದ ಗುಂಡಿ ತೋಡಿ, ಮೇಲೆ ಹುಲ್ಲುಕಡ್ಡಿ ಇಟ್ಟು ಮಣ್ಣು ಉದುರಿಸಿದರು. ಅದರ ಸುತ್ತ ಕಾಲು ಸಿಕ್ಕುವ ಹಾಗೆ ಕುಣಿಕೆ. ಹಗ್ಗ ಪುಂಡಿ ನಾರಿನದು, ಅವರೇ ಹೊಸೆದದ್ದು. ಕುಣಿಕೆ ಮೂರು ಬೆರಳಿನ ಅಗಲಕ್ಕೆ ಬಂದಾಗ ಮುಂದಕ್ಕೆ ಬಿಗಿಯದಂತೆ ತಡೆಯಲು ಒಂದು ಗಂಟು ಹಾಕಿದ್ದರು. ಹಗ್ಗದ ತುದಿಯನ್ನು ಗೂಟಕ್ಕೆ ಕಟ್ಟಲಿಲ್ಲ. ಗೂಟ ಅಲ್ಲಾಡದು, ಜಗ್ಗಿದರೆ ಮೂಳೆ ಮುರಿಯುತ್ತದೆ. ಎಳೆದರೆ ಸ್ವಲ್ಪ ಸರಿಯುವ ಒಂದು ಕೊರಡಿಗೆ ಕಟ್ಟಿದರು. ಕೊರಡಿಗೆ ಎತ್ತಿನ ಕೊರಳ ಗಂಟೆಯೊಂದನ್ನು ಬಿಗಿದರು. ಒಬ್ಬರು ಗಂಟೆ ಕೇಳುವಷ್ಟು ದೂರದಲ್ಲಿ ಕುಳಿತಿರಬೇಕು, ಸದ್ದಾದ ಕೂಡಲೇ ಕಂಬಳಿ ಹಿಡಿದು ಓಡಬೇಕು. ಎಲೆ ಅಡಿಕೆ ಒಮ್ಮೆ ಜಗಿದು ಮುಗಿಯುವುದರೊಳಗೆ ತಲುಪದಿದ್ದರೆ ತೋಳ ನಾರನ್ನು ಕಡಿದುಕೊಂಡು ಹೋಗುತ್ತದೆ ಎಂದರು.

ಹಾಗಿದ್ದರೆ ಗಟ್ಟಿಯಾದದ್ದನ್ನೇ ಹಾಕಬಾರದೇಕೆ ಎಂದು ನಾನು ಕೇಳಿದೆ.

"ಹೋದ್ರ ಹೋಗ್ಲಿ ಬಿಡ್ರಿ," ಎಂದರು. "ಮೂರು ಕಾಲಿನ ತ್ವಾಳಕ್ಕಿಂತ ನಾಕು ಕಾಲಿನ ತ್ವಾಳ ಚಲೋ. ಕುಂಟಾದ್ರ ಅದು ಮತ್ತ ಕುರಿ ಬಿಟ್ಟು ಏನ್ ಹಿಡೀತೈತಿ? ಹಿಡಿಯೂದು ನಮ್ಮ ಕೆಲಸ, ಕೊಯ್ಯೂದಲ್ರಿ."

ಎರಡು ಬೆಳಗು ಇಬ್ಬರೂ ಕಾದೆವು. ತೋಳ ಬರಲಿಲ್ಲ. ಎರಡನೆಯ ದಿನದ ಸಂಜೆ ಅವರ ಮಗಳು ಶಾಂತವ್ವಳಿಗೆ ಹೆರಿಗೆ ನೋವು ಬಂದಿದೆಯೆಂದು ಹುಲಗೂರಿನಿಂದ ಸುದ್ದಿ ಬಂದಿತು. ಹೊರಡುವಾಗ ಅವರು, ತಾವು ಬರುವ ತನಕ ಉರುಳನ್ನು ಬಿಚ್ಚಿಡಬೇಕೆಂದು ಎರಡು ಸಲ ಹೇಳಿದರು. ಆಗಲಿ ಎಂದೆ.

ಮರುದಿನ ಬೆಳಿಗ್ಗೆ ಶಿಗ್ಗಾಂವಿನಲ್ಲಿ ಮಾಸಿಕ ಸಭೆ ಇತ್ತು. ತೋಳದ ಪ್ರಗತಿ ಏನೆಂದು ಎಲ್ಲರೆದುರು ಕೇಳುವರೆಂಬುದು ಗೊತ್ತಿತ್ತು. ಬಿಚ್ಚಿಟ್ಟರೆ ಸಿಗಬಹುದಾದ ಒಂದು ಬೆಳಗು ವ್ಯರ್ಥ. ಬಿಟ್ಟರೆ ಗಂಟೆ ಕೇಳಲು ಯಾರೂ ಇಲ್ಲ, ಹಗ್ಗವನ್ನು ತೋಳ ಕಡಿಯುತ್ತದೆ. ನಮ್ಮ ಜಪ್ತಿ ಕೋಣೆಯಲ್ಲಿ ಹಂದಿ ಬೇಟೆಯವರಿಂದ ಹಿಡಿದ ಮೋಟರ್ ಸೈಕಲ್ಲಿನ ಕ್ಲಚ್ ವೈರ್‌ಗಳು ಒಂದು ಚೀಲ ಇದ್ದವು. ಅದರಲ್ಲಿ ಒಂದನ್ನು ಒಯ್ದು, ಫಕ್ಕೀರಪ್ಪನವರ ಕುಣಿಕೆಯನ್ನು ತೆಗೆದು, ಕೊರಡಿನ ಬಳಿ ಉಳಿದ ಹಗ್ಗದ ತುಂಡಿಗೆ ವೈರನ್ನು ಸೇರಿಸಿದೆ. ಗಂಟು ಹಾಕಲು ಪ್ರಯತ್ನಿಸಿದೆ. ವೈರಿಗೆ ಗಂಟು ಕೂರುವುದಿಲ್ಲ. ಹಾಗೆಯೇ ಬಿಟ್ಟೆ. ಜಗ್ಗಿ ನೋಡಿ, ಭದ್ರವಾಗಿದೆ ಎಂದು ಸಮಾಧಾನಪಟ್ಟು ಮನೆಗೆ ಹೋಗಿ ಊಟ ಮಾಡಿದೆ.

ಸಭೆಯಲ್ಲಿ, ಶೀಘ್ರದಲ್ಲಿಯೇ ಸೆರೆ ಹಿಡಿಯುವ ಭರವಸೆ ಇದೆ ಎಂದು ತಿಳಿಸಿದೆ. ಸಭೆ ಊಟದ ನಂತರವೂ ಮುಂದುವರಿಯಿತು. ನಾನು ಹಳ್ಳಕ್ಕೆ ತಲುಪಿದಾಗ ಮಧ್ಯಾಹ್ನ ಮೂರು ದಾಟಿತ್ತು. ಕೊರಡು ಒಡ್ಡಿನಿಂದ ಕಂಟಿಯವರೆಗೆ ಉದ್ದಕ್ಕೆ ಗೀರು ಎಳೆದುಕೊಂಡು ಹೋಗಿತ್ತು. ತೋಳ ಅಲ್ಲಿ ಮಲಗಿತ್ತು, ಇನ್ನೂ ಉಸಿರಿತ್ತು. ಮುಂಗಾಲಿನಲ್ಲಿ ವೈರ್ ಕಾಣುತ್ತಲೇ ಇರಲಿಲ್ಲ, ಮಾಂಸದೊಳಗೆ ಹೋಗಿತ್ತು. ಹತ್ತಿರ ಹೋದಾಗ ಅದು ಗುರುಗುಟ್ಟಲಿಲ್ಲ. ಸುಮ್ಮನೆ ನೋಡಿತು. ಬಿಡಿಸಲು ಇಕ್ಕಳ ಬೇಕಾಗಿತ್ತು. ನನ್ನ ಚೀಲದಲ್ಲಿ ಸಭೆಯ ಕಾಗದಗಳಿದ್ದವು, ಇಕ್ಕಳ ಇರಲಿಲ್ಲ. ಯಲವಿಗಿಯ ಸೈಕಲ್ ಅಂಗಡಿಯಿಂದ ಇಕ್ಕಳ ತರುವಷ್ಟರಲ್ಲಿ ಅದು ಸತ್ತಿತ್ತು. ದಯವಿಟ್ಟು ನಿಮ್ಮ ಚೀಲದಲ್ಲಿ ಯಾವಾಗಲೂ ಒಂದು ಇಕ್ಕಳ ಮತ್ತು ಒಂದು ಕಂಬಳಿ ಇರಲಿ.

ಆ ಸಂಜೆಯೇ ವರದಿ ಬರೆದೆ. "ಕಾಡುಹಂದಿಗಾಗಿ ಅಪರಿಚಿತ ವ್ಯಕ್ತಿಗಳು ಅಳವಡಿಸಿದ ತಂತಿ ಉರುಳಿಗೆ ಸಿಲುಕಿ ಒಂದು ವಯಸ್ಕ ತೋಳವು ಮೃತಪಟ್ಟಿರುತ್ತದೆ." ಒಂದೇ ಸಲಕ್ಕೆ, ತಿದ್ದದೆ ಬರೆದೆ. ಅಂತಹ ವಾಕ್ಯಗಳಲ್ಲಿ ನನ್ನ ಕೈ ಚೆನ್ನಾಗಿ ಪಳಗಿತ್ತು. ಅಪರಿಚಿತ ವ್ಯಕ್ತಿಗಳು ಎಂದರೆ ಯಾರಿಗೂ ಕೇಡಿಲ್ಲ, ಕಡತ ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡೆ. ಆದರೆ ಸಾಹೇಬರು ನೇರ ಮನುಷ್ಯರೆಂದು ಹೇಳಿದೆನಲ್ಲ. ಇಂತಹ ಪ್ರಾಣಿಯ ಸಾವನ್ನು ಹಾಗೆ ಬಿಡುವುದಕ್ಕೆ ಅವರು ಒಪ್ಪಲಿಲ್ಲ. ಸುತ್ತಮುತ್ತ ಉರುಳು ಬಲ್ಲವರು ಯಾರೆಂದು ಹಳೆಯ ದಫ್ತರ ತೆಗೆಸಿದರು.

ಎರಡು ದಿನಗಳ ನಂತರ ಬೆಳಿಗ್ಗೆ ಫಕ್ಕೀರಪ್ಪನವರನ್ನು ಕಚೇರಿಗೆ ಕರೆತಂದರು. ಮೊಮ್ಮಗ ಹುಟ್ಟಿದ ಸಂತೋಷದಲ್ಲಿ ಅವರು ಬಾಗಿಲಲ್ಲಿಯೇ ನನ್ನನ್ನು ಕಂಡು ನಕ್ಕರು, ಸಕ್ಕರೆ ತಂದಿಲ್ಲ ಎಂದು ಕ್ಷಮೆ ಕೇಳಿದರು. ಒಳಗೆ ಮೇಜಿನ ಪಕ್ಕ ಕೊರಡು, ವೈರ್ ಇದ್ದವು. ಇದು ನಿನ್ನದೇನು ಎಂದು ಸಾಹೇಬರು ಕೇಳಿದರು. ಅವರು ಕುಕ್ಕರುಗಾಲಲ್ಲಿ ಕುಳಿತು ಎರಡನ್ನೂ ಮುಟ್ಟಿ ಮುಟ್ಟಿ ನೋಡಿದರು. ನಗು ಹೋಯಿತು.

"ಕೊರಡಿನ ಕಟ್ಟು ನಂದ ಐತ್ರಿ," ಎಂದರು. "ವೈರ್ ನಂದಲ್ಲ. ನನ್ನ ಉರ್ಲಿಗೆ ಗಂಟ ಇರತೈತಿ. ಗಂಟ ಇಲ್ಲದ್ದ ನಾ ಹಾಕೂದಿಲ್ರಿ."

ಕಟ್ಟು ತಮ್ಮದಲ್ಲವೆಂದು ಅವರು ಹೇಳಬಹುದಿತ್ತು. ತಾವು ಕಟ್ಟಿದ್ದನ್ನು ತಮ್ಮದಲ್ಲ ಎನ್ನಲು ಆ ಮನುಷ್ಯರಿಗೆ ಬರುತ್ತಿರಲಿಲ್ಲ.

ನೀನು ಅಲ್ಲಿಗೆ ಏಕೆ ಹೋಗಿದ್ದೆ ಎಂದು ಸಾಹೇಬರು ಅವರನ್ನು ಕೇಳಿದರು.

"ಇವ್ರ ಕರದ್ರು, ಬಂದೆ," ಎಂದು ಗದ್ದದಿಂದ ನನ್ನ ಕಡೆಗೆ ತೋರಿಸಿದರು.

ಸಾಹೇಬರು ನನ್ನ ಕಡೆ ತಿರುಗಿ, "ಹೌದೇನ್ರೀ?" ಎಂದರು.

ಆ ಕೋಣೆಯಲ್ಲಿ ಗಂಟಿನ ಅರ್ಥ ತಿಳಿದಿದ್ದವರು ಇಬ್ಬರೇ. ಒಬ್ಬರು ಹೇಳಿ ಆಗಿತ್ತು. ನಾನು ಹೌದು ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

"ಪರಿಶೀಲಿಸಿ ವರದಿ ಸಲ್ಲಿಸುತ್ತೇನೆ, ಸರ್," ಎಂದೆ.

ಸಿಕ್ಕಿಬಿದ್ದವರು ಸಿಬ್ಬಂದಿಯ ಹೆಸರು ಹೇಳುವುದು ಹೊಸದಲ್ಲವಾದ್ದರಿಂದ, ಸಾಹೇಬರು ನನ್ನ ಮಾತನ್ನು ಇಲ್ಲ ಎಂದೇ ತಿಳಿದರು. ಪ್ರಕರಣ ದಾಖಲಾಯಿತು. ಫಕ್ಕೀರಪ್ಪನವರು ಹುಲಗೂರಿನಿಂದ ಸವಣೂರಿನ ನ್ಯಾಯಾಲಯಕ್ಕೆ ತಾರೀಖಿನಿಂದ ತಾರೀಖಿಗೆ ಅಲೆದರು. ಒಮ್ಮೆ ಬಸ್ಸಿನಲ್ಲಿ ನಾನು ಕುಳಿತ ಸೀಟಿನ ಪಕ್ಕಕ್ಕೇ ಬಂದು ಕುಳಿತರು. ಸಂಚಿ ಬಿಚ್ಚಿ ಎಲೆ ಅಡಿಕೆ ಮುಂದೆ ಹಿಡಿದು, ಮನೆಯಲ್ಲಿ ಎಲ್ಲರೂ ಆರಾಮವೇ ಎಂದು ಕೇಳುವ ದನಿಯಲ್ಲಿಯೇ ಕೇಳಿದರು:

"ಪರಿಶೀಲನಾ ಮುಗೀತೇನ್ರಿ, ಸಾಹೇಬ್ರ?"

ಇನ್ನೂ ಇಲ್ಲ ಎಂದೆ.

"ಆಗ್ಲಿ, ಅವಸರಿಲ್ಲ. ನಂದು ಮುಂದಿನ ತಿಂಗಳ ಮತ್ತ ತಾರೀಖ ಐತಿ."

ಕಡೆಗೆ ಸಾಕ್ಷ್ಯ ಸಾಲದೆಂದು ಅವರನ್ನು ಬಿಟ್ಟರು. ಸಾಕ್ಷ್ಯ ಸಾಲಲಿಲ್ಲ ಎಂಬುದಕ್ಕೂ, ಇವರು ಮಾಡಲಿಲ್ಲ ಎಂಬುದಕ್ಕೂ ಎಷ್ಟು ದೂರವಿದೆಯೆಂದು ಓಣಿಯಲ್ಲಿ ಬದುಕುವವರಿಗೆ ಗೊತ್ತು. ಊರಲ್ಲಿ ಅವರಿಗೆ ತ್ವಾಳದ ಫಕ್ಕೀರಪ್ಪ ಎಂಬ ಹೆಸರು ಬಿದ್ದಿತು. ಮುಂದೆ ನಮ್ಮ ಇಲಾಖೆಯವರಾರೂ ಅವರನ್ನು ಏನನ್ನೂ ಕೇಳಲಿಲ್ಲ, ಅವರೂ ಯಾರಿಗೂ ಏನನ್ನೂ ಕಲಿಸಲಿಲ್ಲ. ನಾನು ಅಲ್ಲಿಂದ ವರ್ಗವಾದೆ. ವರದಿ ತಿದ್ದಬೇಕೆಂದು ಪ್ರತಿ ವರ್ಷ ಅಂದುಕೊಂಡೆ. ಮೊದಲು ನೌಕರಿಯ ಹೆದರಿಕೆ, ನಂತರ ಪಿಂಚಣಿಯ ಹೆದರಿಕೆ, ಅದಾದ ಮೇಲೆ ಇಷ್ಟು ದಿನ ಸುಮ್ಮನಿದ್ದುದೇ ಒಂದು ಹೆದರಿಕೆ.

ಈ ಬರಹದ ಮೂರನೆಯ ಪ್ರತಿಯನ್ನು ತೆಗೆದುಕೊಂಡು ಕಳೆದ ತಿಂಗಳು ಹುಲಗೂರಿಗೆ ಹೋಗಿದ್ದೆ. ಫಕ್ಕೀರಪ್ಪನವರಿಗೆ ಈಗ ಕಿವಿ ಮಂದ. ಕಟ್ಟೆಯ ಮೇಲೆ ಕುಳಿತು ಪ್ಲಾಸ್ಟಿಕ್ ದಾರದಲ್ಲಿ ಕಣ್ಣಿ ಹೊಸೆಯುತ್ತಿದ್ದರು. ಪುಂಡಿಯನ್ನು ಈಗ ಪಲ್ಯಕ್ಕೆ ಬೆಳೆಯುತ್ತಾರೆ, ನಾರಿಗೆ ಯಾರೂ ಬೆಳೆಯುವುದಿಲ್ಲ ಎಂದರು. ನಾನು ಓದಿದೆ. ಶಾಂತವ್ವ ಪ್ರತಿ ವಾಕ್ಯವನ್ನು ಅವರ ಕಿವಿಗೆ ಜೋರಾಗಿ ಹೇಳಿದಳು. ವೈರಿನ ಭಾಗ, ಕಚೇರಿಯ ಭಾಗ, ಬಸ್ಸಿನ ಭಾಗ ಬಂದು ಹೋದವು. ಅವರು ಹೊಸೆಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಒಂದೇ ಮಾತು ಆಡಿದರು.

"ಗಂಟು ನಾಕು ಬೆರಳಿಗೆ ಅಂತ ಬರದೀರಲ್ಲ, ಅದು ತಪ್ಪರಿ. ನಾಕು ಚಿರತಿಗೆ. ತ್ವಾಳಕ್ಕ ಮೂರು."

ಮೇಲೆ ಮೂರು ಎಂದು ತಿದ್ದಿದ್ದೇನೆ.

ಕ್ಷಮಿಸಿ ಎಂದು ಕೇಳಲು ಹೋದವನು ನಾನು, ಪೆನ್ನು ತೆಗೆದು ಬೆರಳು ಎಣಿಸುತ್ತ ಕುಳಿತೆ. ಹೊರಡುವಾಗ ಶಾಂತವ್ವ ಬಾಗಿಲವರೆಗೆ ಬಂದಳು. ನಾನು ಚಹಾ ಕುಡಿಯಲಿಲ್ಲವೆಂದು ಆಕ್ಷೇಪಿಸಿದಳು. ನಂತರ ಮೆಲ್ಲಗೆ ಕೇಳಿದಳು:

"ಇದನ್ನ ಆಫೀಸಿಗೆ ಕೊಟ್ಟೀರೇನ್ರಿ, ಇಲ್ಲಾ ಓದವ್ರಿಗೆ ಅಷ್ಟ ಏನು?"

ಮರುದಿನವೇ ಸವಣೂರಿನ ಬಸ್ಸು ಹತ್ತಿದೆ. ನನ್ನ ಹೇಳಿಕೆಯನ್ನು ಎರಡು ಪ್ರತಿಗಳಲ್ಲಿ ಬರೆದು ಒಯ್ದಿದ್ದೆ. ಅಲ್ಲಿರುವ ಗುಮಾಸ್ತರು ನನ್ನನ್ನು ಕಂಡವರಲ್ಲ, ಆದರೂ ಹಿರಿಯನೆಂದು ಕುರ್ಚಿ ಕೊಟ್ಟರು. ಕಪಾಟು ತೆಗೆದು, ರಿಜಿಸ್ಟರ್ ನೋಡಿ, ಮರಳಿ ಬಂದು ಹೇಳಿದರು:

"ಆ ಫೈಲ್ ನಾಶ ಮಾಡ್ಯಾರ್ರಿ. ಅವಧಿ ಮುಗದಿತ್ತು."

ಹಾಗಾದರೆ ಈ ತಿದ್ದುಪಡಿಯನ್ನು ಎಲ್ಲಿ ಲಗತ್ತಿಸುವುದು ಎಂದು ಕೇಳಿದೆ. ಲಗತ್ತಿಸಲು ಏನೂ ಉಳಿದಿಲ್ಲವಲ್ಲ ಎಂದರು. ನಾನು ಏಳದಿದ್ದುದನ್ನು ಕಂಡು, ಕನಿಕರಪಟ್ಟು, ನನ್ನ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಒತ್ತಿಕೊಟ್ಟರು.

ಕಾರಣ, ಆ ತಿದ್ದುಪಡಿಯನ್ನು ಇಲ್ಲಿಯೇ, ನಿಮ್ಮೆದುರು ಸಲ್ಲಿಸುತ್ತಿದ್ದೇನೆ. ಯಲವಿಗಿ ಹುಲ್ಲುಗಾವಲಿನ ತೋಳದ ಸಾವಿನ ಕುರಿತ ನನ್ನ ವರದಿಯಲ್ಲಿ "ಕಾಡುಹಂದಿಗಾಗಿ ಅಪರಿಚಿತ ವ್ಯಕ್ತಿಗಳು ಅಳವಡಿಸಿದ" ಎಂದು ಇರುವುದನ್ನು, "ತೋಳಕ್ಕಾಗಿ, ಹುಲಗೂರಿನ ಫಕ್ಕೀರಪ್ಪನವರು ಬೇಡವೆಂದು ಹೇಳಿ ಹೋದ ಮೇಲೆ, ಅರಣ್ಯ ರಕ್ಷಕನಾದ ನಾನು ಅಳವಡಿಸಿದ" ಎಂದು ಓದಿಕೊಳ್ಳತಕ್ಕದ್ದು.